ಕೆಳಗಿನ ಮನೆಯ ಬಿಸಿನೀರು

“ನನ್ನ ಬಾಗ್ಲಾಗ ನಿಂತು ಅಳಬ್ಯಾಡ! ನೀರು ಸೋರಿದ್ರ ಛತ್ರಿ ಹಿಡ್ಕೊಂಡು ಮಲಗ್ರಿ!”

ಅತ್ತೆ ಅಂಬವ್ವನ ಮಾತು ಕೇಳಿ ವೈಶಾಲಿಯ ಕೈಯಲ್ಲಿದ್ದ ಲಟ್ಟಣಿಗೆ ಅಲ್ಲೇ ನಿಂತಿತು. ಹೊಸ್ತಿಲಾಚೆ ನಿಶಾ, ಹಸುಗೂಸು ಸೃಜನ್‌ನನ್ನು ಎದೆಗವಚಿಕೊಂಡು ನಿಂತಿದ್ದಳು. ವೈಶಾಲಿಯ ಮೈದುನ ಸುಭಾಷನ ಹೆಂಡತಿ. ಉಡುಪಿಯ ಕಡೆಯ ಹುಡುಗಿ. ತನ್ನನ್ನು ಕೇಳದೆ ಅವಳನ್ನು ಮದುವೆಯಾದ ಮಗನಿಗೆ ಅಂಬವ್ವ ಅಂದೇ ಬಾಗಿಲು ಮುಚ್ಚಿದ್ದಳು. ತಾಯಿಯನ್ನು ಬಿಟ್ಟು ದೂರ ಹೋಗಲಾರದ ಸುಭಾಷ, ಜೋಗೇಶ್ವರಿಯ ಅದೇ ಬಿಲ್ಡಿಂಗಿನಲ್ಲಿ ಸರಿಯಾಗಿ ಕೆಳಗಿನ ಮನೆಯನ್ನೇ ಬಾಡಿಗೆಗೆ ಹಿಡಿದಿದ್ದ. ಆದರೂ ಆ ತಾಯಿ ಕರಗಿರಲಿಲ್ಲ... ಮೊಮ್ಮಗನ ಮುಖವನ್ನೂ ನೋಡಿರಲಿಲ್ಲ!

“ಅಕ್ಕಾ, ನಿಮ್ಮ ಬಾತ್‌ರೂಮಿನ ನೀರು ನಮ್ಮ ಗೋಡೆಯಲ್ಲೆಲ್ಲ ಇಳಿದು ಬರ್ತಾ ಉಂಟು. ಮಗುವಿಗೆ ಕೆಮ್ಮು ಬಿಡುವುದೇ ಇಲ್ಲ...” ನಿಶಾ ಬಿಕ್ಕುತ್ತಾ ಮೆಟ್ಟಿಲಿಳಿದು ಹೋದಳು.

ವೈಶಾಲಿಗೆ ಗೊತ್ತಿತ್ತು. ಬಾತ್‌ರೂಮಿನ ಟೈಲ್ಸ್ ಸಂದಿಯ ಸಿಮೆಂಟು ಕಪ್ಪಾಗಿ, ಉಗುರು ತಾಗಿದರೆ ಉದುರುತ್ತಿತ್ತು. ಗಂಡ ಬಸುವಿಗೆ ಹೇಳಿದರೆ “ಅವ್ವನ್ನ ಕೇಳು” ಎನ್ನುತ್ತಿದ್ದ. ಮರುದಿನ ಅವನು ಪರೇಲಿನ ಆಫೀಸಿಗೆ ಲೋಕಲ್ ರೈಲು ಹಿಡಿಯಲು ಹೊರಟ ಮೇಲೆ ಅವಳೇ ಗಾರೆ ಕೆಲಸದ ಮಿಸ್ತ್ರಿಯನ್ನು ಕರೆಸಿದಳು.

“ಅಕಿ ಸಲುವಾಗಿ ನನ್ನ ಮನಿ ಅಗೆಸ್ತಿ? ನಾ ಊರಿಗೆ ಹೋಗ್ತೀನಿ!”

“ಹೋಗ್ರಿ ಅತ್ತಿ... ಆದ್ರ ಆ ಕೂಸು ಕೆಮ್ಮೂದು ಇನ್ನ ನನ್ನ ಕೈಲೆ ಕೇಳಾಕ ಆಗೂದಿಲ್ಲ!” ಎಂದೂ ಎದುರಾಡದ ವೈಶಾಲಿ ಮಿಸ್ತ್ರಿಗೆ ಬಾತ್‌ರೂಮಿನ ಬಾಗಿಲು ತೆರೆದುಕೊಟ್ಟಳು.

ಮಿಸ್ತ್ರಿ ಹಳೆಯದನ್ನೆಲ್ಲ ಕೆರೆದು ತೆಗೆದು, ಸಂದಿಗಳಿಗೆ ಹೊಸ ಸಿಮೆಂಟು ತುಂಬಿ, ನಾಡಿದ್ದಿನವರೆಗೆ ಹನಿ ನೀರೂ ಬೀಳಬಾರದೆಂದು ಹೇಳಿ ಹೋದ. ಸ್ನಾನ, ಪೂಜೆಯಿಲ್ಲದೆ ಅಂಬವ್ವ ತುತ್ತು ಮುಟ್ಟುವವಳಲ್ಲ. ಪಕ್ಕದ ಮನೆಗೆ ಬೀಗ. ಮರುದಿನ ಮಧ್ಯಾಹ್ನವಾದರೂ ಅವಳು ಗೋಡೆಗೊರಗಿ, ತುಟಿ ಒಣಗಿಸಿಕೊಂಡು ಕೂತೇ ಇದ್ದಳು.

“ಕೆಳಗ ಹೋಗೂಣು ಬರ್ರಿ ಅತ್ತಿ, ನಿಮ್ಮ ಕಾಲಿಗೆ ಬೀಳ್ತೀನಿ...”

“ಅಕಿ ಮನಿಯಾಗ? ಸತ್ರೂ ಇಲ್ಲ!”

ಆಗ ಬಾಗಿಲಲ್ಲಿ ನಿಶಾಳ ದನಿ ಕೇಳಿತು. “ಅತ್ತೆ, ನಾನು ಒಳಗೆ ಬರುವುದಿಲ್ಲ. ಬಿಸಿನೀರು ಇಟ್ಟಿದ್ದೇನೆ. ನಿಮ್ಮ ಸ್ನಾನ ಆಗುವವರೆಗೆ ಬೇಕಾದರೆ ನಾನು ಮೆಟ್ಟಿಲ ಮೇಲೆ ನಿಲ್ತೇನೆ.”

ಅಂಬವ್ವ ಅವಳನ್ನು ದಿಟ್ಟಿಸಿದಳು. ವೈಶಾಲಿಯ ಹೆಗಲು ಹಿಡಿದು ಎದ್ದಳು.

ಕೆಳಗಿನ ಮನೆಯ ಗೋಡೆ ಮೇಲಿಂದ ಕೆಳತನಕ ಕಪ್ಪಿಟ್ಟಿತ್ತು. ಒಣ ಜಾಗ ಸಿಗದೆ ಮಗುವಿನ ತೊಟ್ಟಿಲನ್ನು ಅಡುಗೆಮನೆಗೆ ತಂದಿಟ್ಟಿದ್ದರು. ಅದರೊಳಗೆ ಪುಟ್ಟ ಎದೆ ಕೆಮ್ಮಿ ಕೆಮ್ಮಿ ಏದುಸಿರು ಬಿಡುತ್ತಿತ್ತು. ಅಂಬವ್ವ ಗೋಡೆ ಮುಟ್ಟಿದಳು, ಅಂಗೈ ಒದ್ದೆಯಾಯಿತು.

“ಇದು... ನಾ ಮೈಮ್ಯಾಲೆ ಹಾಕ್ಕೊಂಡ ನೀರೇನ, ವೈಶಾಲಿ?”

ಅಂಬವ್ವ ತೊಟ್ಟಿಲ ಪಕ್ಕ ಕುಸಿದಳು. ಮಗುವನ್ನೆತ್ತಿ ಎದೆಗೊತ್ತಿಕೊಂಡು, “ನನ್ನ ಬಂಗಾರಾ... ನಾ ಎಂಥ ಪಾಪಿ!” ಎಂದು ಗೋಳೋ ಎಂದು ಅತ್ತಳು. ಆಮೇಲೆ ಬಾಗಿಲ ಕಡೆ ತಿರುಗಿ ಗದರಿದಳು: “ಏ ನಿಶಾ! ನಿನ್ನ ಮನಿಯಾಗ ನೀ ಯಾಕ ಹೊರಗ ನಿಂತಿ? ಒಳಗ ಬಾ. ನನ್ನ ಬೆನ್ನು ತಿಕ್ಕಾವರು ಯಾರು?”

ಮರುದಿನ ಸಂಜೆ ಟೈಲ್ಸ್ ಸಂದಿಗಳು ಗಟ್ಟಿಯಾಗಿದ್ದವು. “ಬಾತ್‌ರೂಮ್ ಒಣಗೇತ್ರಿ ಅತ್ತಿ,” ಎಂದಳು ವೈಶಾಲಿ.

ಅಂಬವ್ವ ಸೀರೆ, ಟವೆಲ್ಲು ಹೆಗಲಿಗೆ ಹಾಕಿಕೊಂಡು ಚಪ್ಪಲಿ ಮೆಟ್ಟಿದಳು. “ಇನ್ನೂ ಹಸಿ ಐತಿ, ತಗೋ,” ಎನ್ನುತ್ತಾ ಮೆಟ್ಟಿಲಿಳಿದಳು.