ಒಂದೇ ಉಸಿರಿನ ವಾಕ್ಯ

"ಮತ್ತೆ ಅಲ್ಲೇ ನಿಂತ್ರಿ ಮೇಡಂ," ಹೆಡ್‌ಫೋನಿನಲ್ಲಿ ಅವನ ದನಿ. "ಆ ಸಾಲಿಗೇನು ಹಂಪ್ ಹಾಕಿದಾರಾ?"

ಅವಳು ಗಾಜಿನಾಚೆ ನೋಡಿದಳು. ನಗು ಬಂದಾಗ ಅವನು ಕತ್ತು ಬಗ್ಗಿಸಿ ಮೇಜಿನ ಗುಂಡಿಗಳನ್ನು ನೋಡುತ್ತಾನೆ, ನಗಿಸಿದ್ದು ಅವೇ ಎಂಬಂತೆ.

"ಗಂಟಲು ಒಣಗಿದೆ ಸೌಂಡ್ ಸಾಹೇಬ್ರೇ."

"ನೀರು ಪಕ್ಕದಲ್ಲೇ ಇದೆ. ಸುಳ್ಳಿಗೂ ಎರಡು ಟೇಕ್ ಬೇಕಾ?"

ಕಣ್ಣು ಕಾಣದವರಿಗಾಗಿ ಹೀಬ್ರೂ ಧರ್ಮಗ್ರಂಥದ ಕನ್ನಡ ಅನುವಾದವನ್ನು ಓದಿ ರೆಕಾರ್ಡ್ ಮಾಡುವ ಕೆಲಸ. ದೇವರು ಪ್ರವಾದಿ ಮೋಶೆಯ ಎದುರು ಹಾದುಹೋಗುತ್ತ ತಾನು ಎಂಥವನೆಂದು ತಾನೇ ಹೇಳಿಕೊಳ್ಳುವ ಜಾಗ ಅದು. ಕರುಣಾಳು, ಬೇಗ ಸಿಟ್ಟಾಗದವನು, ಸಾವಿರ ತಲೆಮಾರಿಗೂ ಪ್ರೀತಿ ಕಾಯುವವನು. ಅಲ್ಲಿಯವರೆಗೆ ಅವಳ ದನಿ ಸಲೀಸಾಗಿ ಹರಿಯುತ್ತದೆ. ಆದರೆ ದೇವರು ಅದೇ ಉಸಿರಿನಲ್ಲಿ ಇನ್ನೊಂದು ಮಾತನ್ನೂ ಹೇಳುತ್ತಾನೆ: ತಪ್ಪನ್ನು ಸುಮ್ಮನೆ ಬಿಡುವವನಲ್ಲ, ಅಪ್ಪಂದಿರ ತಪ್ಪಿಗೆ ಮಕ್ಕಳನ್ನೂ ಲೆಕ್ಕ ಕೇಳುವವನು.

ಅವಳ ಅಪ್ಪ ಲಿಫ್ಟ್ ಮೆಕ್ಯಾನಿಕ್ ಆಗಿದ್ದರು. ಒಮ್ಮೆ ಕೇಬಲ್ ನೋಡದೆಯೇ ಸರಿಯಿದೆ ಎಂದಿದ್ದರು. ಆ ಲಿಫ್ಟ್ ಬಿದ್ದು ಸತ್ತವನು ಈಗ ಗಾಜಿನಾಚೆ ಕೂತವನ ಅಣ್ಣ. ಶಿಕ್ಷೆ ಮುಗಿಸಿ ಬಂದ ಅಪ್ಪ ಯಾವ ಕಟ್ಟಡಕ್ಕೆ ಹೋದರೂ ಮೆಟ್ಟಿಲನ್ನೇ ಹತ್ತುತ್ತಾರೆ. ಇದೆಲ್ಲ ಅವರಿಬ್ಬರಿಗೂ ತಿಳಿದದ್ದು ಪ್ರೀತಿ ಬೇರು ಬಿಟ್ಟ ಮೇಲೆ.

"ಬೇಕಾದ್ರೆ ಆ ತುಂಡು ಕಟ್ ಮಾಡ್ತೀನಿ," ಎಂದ ಅವನು, ಮೆಲ್ಲಗೆ. "ಯಾರಿಗೂ ಗೊತ್ತಾಗಲ್ಲ."

"ನಿಮ್ಮಣ್ಣನ ಪರವಾಗಿ ಇರೋದೇ ಅದೊಂದು ತುಂಡು. ಅದನ್ನೂ ಕಟ್ ಮಾಡ್ತೀಯಾ?"

ಅವನು ಉತ್ತರಿಸುವ ಮೊದಲೇ ಬೆನ್ನ ಹಿಂದಿನ ಬಾಗಿಲಲ್ಲಿ ಅವನ ಅಮ್ಮ ನಿಂತಿದ್ದರು. ಗಡಬಡಿಸಿ ಎದ್ದವನು ತನ್ನ ಮೈಕ್ ಆಫ್ ಮಾಡುವುದನ್ನು ಮರೆತ.

ಅವಳಿದ್ದ ಕೋಣೆಗೆ ಕಿಟಕಿಯಿರಲಿಲ್ಲ. ಇದ್ದ ಒಂದೇ ಬಾಗಿಲು ಅವರಿಬ್ಬರು ನಿಂತಲ್ಲಿಗೇ ತೆರೆಯುತ್ತಿತ್ತು. ಹೆಡ್‌ಫೋನ್ ತೆಗೆದಿಡಬಹುದಿತ್ತು, ಕೈ ಏಳಲಿಲ್ಲ.

"ಇವಳೇನಾ?"

"ಹೂಂ. ಅವಳೇನು ತಪ್ಪು ಮಾಡಿದಾಳೆ, ನೀನೇ ಹೇಳಮ್ಮ."

"ಏನೂ ಮಾಡಿಲ್ಲ ಕಣೋ, ಅದೇ ನನ್ನ ಕಷ್ಟ. ಮಾಡಿದ್ದಿದ್ರೆ ಇಷ್ಟೊತ್ತಿಗೆ ಕ್ಷಮಿಸಿ ಕೈ ತೊಳ್ಕೋತಿದ್ದೆ. ಏನೂ ಮಾಡದವಳನ್ನ ಹೇಗೆ ಕ್ಷಮಿಸಲಿ? ಹಾಗಂತ ಅವಳಪ್ಪನ್ನ ಬಿಟ್ಟುಬಿಟ್ರೆ, ನಿಮ್ಮಣ್ಣ ಯಾರನ್ನ ಕೇಳಬೇಕು?"

ಫ್ಯಾನಿನ ಸದ್ದು, ಅಮ್ಮನ ಉಸಿರು ಎಲ್ಲವೂ ಅವಳ ಕಿವಿಗೆ ಬೀಳುತ್ತಿದ್ದವು.

ಕೇಳಿಸಿಕೊಂಡೆ ಎಂದು ತಿಳಿಸಲು ಅವಳಿಗೆ ಬೇರೆ ದಾರಿ ಹೊಳೆಯಲಿಲ್ಲ. ಮೈಕಿನ ಹತ್ತಿರ ಸರಿದು ಓದಿದಳು. ಕರುಣೆಯಿಂದ ಶುರುಮಾಡಿ ಅಪ್ಪಂದಿರ ತಪ್ಪಿನ ತನಕ, ಎಲ್ಲೂ ನಿಲ್ಲದೆ. ಹೊರಗಿನ ಸ್ಪೀಕರಿನಲ್ಲಿ ಅವಳ ದನಿ ಕೇಳಿ ಅವನ ಕೈ ಗಾಬರಿಯಿಂದ ಗುಂಡಿಯತ್ತ ಹೋಯಿತು. ಅಮ್ಮ ಆ ಕೈ ಹಿಡಿದರು.

"ಇರ್ಲಿ ಬಿಡು." ಗಾಜಿನ ಕಡೆ ತಿರುಗಿದರು. "ಎರಡೂ ಒಬ್ಬನೇ ಹೇಳಿದ್ದಾ?"

"ಹೌದು. ಒಬ್ಬನೇ."

"ಹೇಳಿದ ಮೇಲೆ ನಿದ್ದೆ ಬಂತಂತಾ ಅವನಿಗೆ?"

"ಅದು ಬರೆದಿಲ್ಲ."

ಅಮ್ಮ ಬಾಗಿಲು ತಳ್ಳಿ ಒಳಗೆ ಬಂದರು, ಹಿಂದೆಯೇ ಅವನೂ. ಒಬ್ಬರಿಗಷ್ಟೇ ಜಾಗವಿದ್ದ ಕೋಣೆಯಲ್ಲಿ ಮೂವರೂ ತೋಳಿಗೆ ತೋಳು ತಾಗಿಸಿ ನಿಂತರು.

"ಮದುವೆಗೆ ನನ್ನ ಅಡ್ಡಿ ಇಲ್ಲ. ನಿಮ್ಮಪ್ಪ ಮಾತ್ರ ನನ್ನ ಹೊಸ್ತಿಲು ತುಳಿಯೋದು ಬೇಡ. ನನ್ನ ಕೈಲಿ ಇಷ್ಟೇ ಆಗೋದು."

ಆಗಲಿ ಎನ್ನಲು ಅಪ್ಪನ ಮುಖ ಅಡ್ಡ ಬಂತು.

"ಅಪ್ಪ ಒಬ್ಬರೇ ಇರ್ತಾರೆ. ದಿನಾ ಹೋಗಿ ನೋಡ್ಕೊಂಡು ಬರ್ತೀನಿ, ಅತ್ತೆ. ಅದನ್ನ ಬಿಡು ಅಂದ್ರೆ ಆಗಲ್ಲ."

ಅತ್ತೆ ಎಂದದ್ದು ಅವಳಿಗೇ ತಡವಾಗಿ ತಿಳಿಯಿತು. ಅವನ ಬೆರಳುಗಳು ಅವಳ ಬೆರಳುಗಳನ್ನು ಹುಡುಕಿ ಹಿಡಿದವು.

ಅಮ್ಮ ಬಾಗಿಲ ಹಿಡಿಗೆ ಕೈ ಹಾಕಿದರು. "ಹೋಗಬೇಡ ಅಂದ್ನಾ ನಾನು? ಹೋಗು. ಬಂದು ಅವನ ಸುದ್ದಿ ನನ್ನ ಹತ್ರ ಎತ್ತಬೇಡ."

ಹೊರಗೆ ಹೊರಟವರು ಬಾಗಿಲಲ್ಲಿ ನಿಂತು, ತಿರುಗದೆಯೇ ಹೇಳಿದರು:

"ಹುಷಾರಿಲ್ಲ ಅಂದ್ರೆ ಮಾತ್ರ ಹೇಳು."