ಸೀಳದ ಕಾಜಾ

ಎತ್ತಿದ ಕೈ ತಡೆಯಲು ಒಂದು ಜಡೆ ಬೇಕು. ಕೆಟ್ಟ ಬಾಯಿ ಮುಚ್ಚಿಸಲು ಅದು ಸಾಲದು, ಕಣ್ಣಿನ ಬೆಳಕನ್ನೂ ಸ್ವಲ್ಪ ಸುರಿಯಬೇಕು. ಬೀಗಕ್ಕೆ ಮಾಟ ಮಾಡಬೇಕೆಂದರೆ ಕೋಣೆಯ ಅಷ್ಟೂ ಹೆಂಗಸರು ತಲೆ ಬೋಳಿಸಿಕೊಳ್ಳಬೇಕು. ಹೊಲಿಗೆ ಕಾರ್ಖಾನೆಗೆ ಹೊಸದಾಗಿ ಬಂದ ಮೇಲ್ವಿಚಾರಕಿಗೆ ಕಾಜಾ ಅಜ್ಜಿ ಈ ಲೆಕ್ಕ ಒಪ್ಪಿಸಿದಾಗ ಅವಳಿಗೆ ನಗು ತಡೆಯಲಾಗಲಿಲ್ಲ.

"ಸ್ವಲ್ಪ ಚೌಕಾಸಿ ಮಾಡಬಹುದಾ ಅಜ್ಜಿ?"

ಅಂಗಿಗಳಿಗೆ ಕಾಜಾ, ಎಂದರೆ ಗುಂಡಿ ತೂರಿಸುವ ಸೀಳು, ಹೊಲಿಯುವುದು ಅಜ್ಜಿಯ ಕೆಲಸ. ಅವಳು ಸೂಜಿಯಿಂದ ಕಣ್ಣೆತ್ತಲಿಲ್ಲ.

"ನಗು ತಾಯಿ. ಆದ್ರೆ ಈ ಬಾಗಿಲಿಗೆ ಹೊರಗಿಂದ ಬೀಗ ಹಾಕ್ಬೇಡ. ಹಿಂದೊಮ್ಮೆ ಹಾಕಿದ್ರು. ಒಳಗೆ ಒಬ್ಳಿಗೆ ಹೆರಿಗೆ ನೋವು ಬಂತು. ಬಡಿದ್ವಿ, ಕೂಗಿದ್ವಿ. ತೆಗೆಯೋ ಹೊತ್ತಿಗೆ ಅವಳೂ ಇರ್ಲಿಲ್ಲ, ಮಗೂನೂ ಇರ್ಲಿಲ್ಲ. ಅವತ್ತು ನಾವೆಲ್ಲ ಕೂದಲು ಕೊಟ್ವಿ. ಆ ಕೂದಲಲ್ಲೇ ಒಂದು ಕಾಜಾ ಹೊಲಿದಿಟ್ಟಿದ್ದೀನಿ. ಇನ್ನೂ ಅದರ ಬಾಯಿ ಸೀಳಿಲ್ಲ. ಮುಂದೆ ಬೀಗ ತಿರುಗಿಸೋ ಕೈಗೆ ಅಂತ."

"ಅದನ್ನ ಯಜಮಾನರ ಅಂಗಿಗೆ ಹಾಕಿ. ಆ ಹೊಟ್ಟೆ ಮೇಲೆ ಗುಂಡಿ ಹೇಗೂ ಕೂರಲ್ಲ!"

ಹೆಂಗಸರು ತಲೆವಸ್ತ್ರ ಬಿಗಿದುಕೊಂಡು ಮತ್ತೆ ಯಂತ್ರ ತುಳಿದರು.

ಯಜಮಾನನಿಗೆ ಬೇರೆಯೇ ತಲೆನೋವು. ಹೆಂಗಸರು ನೀರಿಗೆಂದು ಎದ್ದು ಹೋಗುತ್ತಾರೆ, ಕೆಲಸ ಹಿಂದೆ ಬೀಳುತ್ತದೆ. "ಬೀಗ ಜಡಿ. ಆಗಲ್ಲ ಅಂದ್ರೆ ನೀನೂ ಹೊರಡು," ಎಂದ. ಮೇಲ್ವಿಚಾರಕಿಗೆ ಎಷ್ಟೋ ಬಾಗಿಲು ತಟ್ಟಿದ ಮೇಲೆ ಸಿಕ್ಕ ಕೆಲಸ ಅದು. ಅವಳು ಬೀಗ ಜಡಿದಳು.

ಕಟಕ್ ಎಂದಿತು. ಒಳಗೆ ಎಲ್ಲ ಯಂತ್ರಗಳೂ ಒಟ್ಟಿಗೆ ನಿಂತವು. ಎಣ್ಣೆಯ ಜಿಡ್ಡು ವಾಸನೆಯ ಅಡಿಯಿಂದ ಸುಟ್ಟ ಕೂದಲಿನ ಕಮಟು ಎದ್ದಿತು.

ಬಾಗಿಲ ಹೊರಗಿನ ಓಣಿಯಂಥ ಪಡಸಾಲೆಯಲ್ಲಿ ಸೆಕೆ. ಕೊರಳಿನ ಗುಂಡಿ ಬಿಚ್ಚಲು ಹೋದಳು. ಬರಲಿಲ್ಲ. ಬಗ್ಗಿ ನೋಡಿದರೆ ಕಾಜಾದ ಬಾಯಿಯೇ ಇಲ್ಲ. ಬಟ್ಟೆ ಗುಂಡಿಯ ಸುತ್ತ ಕೂಡಿಕೊಂಡಿದೆ. ಬೀಗದ ಕೈ ಇಟ್ಟ ಜೇಬೂ ಮುಚ್ಚಿಕೊಂಡಿದೆ. ತುಟಿಯಲ್ಲಿ ಏನೋ ಚುಚ್ಚಿತು. ಮುಟ್ಟಿದಳು. ಒಂದು ಕೂದಲು. ಮೇಲ್ದುಟಿಯಿಂದ ಕೆಳದುಟಿಗೆ.

ಎಳೆದಳು. ರಕ್ತ ಬಂತು. ಇನ್ನೊಂದು. ಮತ್ತೊಂದು. ಟಕ್, ಟಕ್. ಬಾಯಿ ಮುಚ್ಚಿತು. ಒಂದು ಮೂಗಿನ ಹೊಳ್ಳೆಯೂ ಹೋಯಿತು.

ಜೇಬು ಹರಿದು ಬೀಗದ ಕೈ ಹಿಡಿದು ಓಡಿದಳು. ಬೀಗದಲ್ಲಿ ತೂತೇ ಇಲ್ಲ. ನುಣ್ಣನೆಯ ಕಬ್ಬಿಣ. ಬಾಗಿಲು ಬಡಿದಳು. ಹೊರಗೆ ನಿಂತು, ಒಳಗಿನವರಂತೆ ಬಡಿದಳು.

"ಬೀಗದ ಆಸೆ ಬಿಡು ತಾಯಿ," ಒಳಗಿಂದ ಅಜ್ಜಿಯ ದನಿ. "ಬಾಗಿಲನ್ನೇ ಕೀಳು."

ಬಟ್ಟೆ ಸುತ್ತುವ ಕಬ್ಬಿಣದ ಸರಳು ಸಿಕ್ಕಿತು. ಬಾಗಿಲಿನ ತಿರುಗಣಿಗೆ ಹಾಕಿ ಮೀಟಿದಳು. ಉಸಿರು ಸೀಟಿಯಾಯಿತು. ದಾರದಷ್ಟಾಯಿತು. ಮೀಟಿದಳು. ಕಣ್ಣು ಕತ್ತಲೆ. ಮತ್ತೆ ಮೀಟಿದಳು. ಬಾಗಿಲು ಉರುಳಿತು.

ಒಳಗೆ ತಲೆವಸ್ತ್ರ ತೆಗೆದು ಹೆಂಗಸರು ನಿಂತಿದ್ದರು. ಒಬ್ಬರ ತಲೆಯಲ್ಲೂ ಕೂದಲು ಮತ್ತೆ ಹುಟ್ಟಿರಲಿಲ್ಲ. ಅಜ್ಜಿ ಕೈಯಲ್ಲಿದ್ದ ಕರಿಯ ಕಾಜಾವನ್ನು ಬ್ಲೇಡಿನಿಂದ ಸೀಳಿದಳು. ಗಾಳಿ ನುಗ್ಗಿತು. ಮೇಲ್ವಿಚಾರಕಿಯ ತುಟಿ ಬಿಟ್ಟಿತು. ಏನೋ ಹೇಳಹೋದಳು, ಬರೀ ಉಸಿರು ಬಂತು.

"ಸೀಳುವಾಗ ಏನಾದ್ರೂ ತುಂಡಾಗುತ್ತೆ ಕಣಮ್ಮ," ಎಂದಳು ಅಜ್ಜಿ. "ಈ ಸಲ ಬ್ಲೇಡಿಗೆ ನಿನ್ನ ದನಿ ಸಿಕ್ತು."

"ಯಾರೇ ಬಾಗಿಲು ಮುರಿದವಳು?" ಯಜಮಾನ ಮೆಟ್ಟಿಲೇರಿ ಬಂದ. ಅವಳು ಸರಳು ಹಿಡಿದು ಅವನಿಗೆ ಅಡ್ಡ ನಿಂತಳು. ಹೆಂಗಸರು ಅವಳ ಬೆನ್ನ ಹಿಂದಿನಿಂದ ಒಬ್ಬೊಬ್ಬರಾಗಿ ಇಳಿದುಹೋದರು.

ಅವಳ ಕೆಲಸ ಅಂದೇ ಹೋಯಿತು. ಅಲ್ಲಿ ಹೊಸ ಬಾಗಿಲು ಕೂರಿಸಲು ಯಾವ ಬಡಗಿಯೂ ಒಪ್ಪಲಿಲ್ಲ. ಆ ಕೋಣೆಗೆ ಮತ್ತೆ ಬಾಗಿಲು ಬರಲಿಲ್ಲ. ಅವಳಿಗೆ ಮತ್ತೆ ಮಾತು ಬರಲಿಲ್ಲ.