ಜಗಲಿಯ ಮೇಲಿಟ್ಟ ಕತ್ತಿ

ಫೆಬ್ರವರಿ ಹನ್ನೊಂದು, ಮಂಗಳವಾರ. ಬೆಳಿಗ್ಗೆ ಒಂಬತ್ತೂವರೆಗೆ ನರಸಿಂಹರಾಜಪುರ ಠಾಣೆಗೆ ಬಂದ ಸಂದೇಶ ಎಂಬಾತ ಕುರ್ಚಿ ತೋರಿಸಿದರೂ ಕೂರಲಿಲ್ಲ. ಸೀತೂರಿನ ಹತ್ತಿರ ತನ್ನ ಹೆಂಡತಿಯ ಅಣ್ಣ ಧರ್ಮೇಶನನ್ನು ಪಕ್ಕದ ಮನೆಯ ಮಂಜಪ್ಪ ಅಂಗಳದಲ್ಲೇ ಕಡಿದು ಕೊಂದು ತಲೆಮರೆಸಿಕೊಂಡಿದ್ದಾನೆ ಎಂದು ದೂರು ಬರೆದುಕೊಟ್ಟ. ‘ಕೊಲ್ಲುವ ಉದ್ದೇಶದಿಂದಲೇ ಸೊಂಟದಲ್ಲಿ ಕತ್ತಿ ಇಟ್ಟುಕೊಂಡು ಮನೆಯೊಳಗೆ ಬಂದು’ ಎಂಬ ಸಾಲಿಗೆ ಅಡಿಗೆರೆ ಬೇರೆ ಎಳೆದಿದ್ದ.

ಇನ್ಸ್‌ಪೆಕ್ಟರ್ ಶ್ರೀವಾಣಿ ಆ ಸಾಲನ್ನು ಮತ್ತೊಮ್ಮೆ ಓದಿದರು. ಅವರು ಕೊಪ್ಪ ತಾಲ್ಲೂಕಿನ ಭಂಡಿಗಡಿಯವರು. ಈ ಸೀಮೆಯ ರೀತಿ ರಿವಾಜು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಕೆಲಸಕ್ಕೆ ಹೊರಟ ಗಂಡಸು ಸೊಂಟದ ಹಿಂದಿನ ಕೊಕ್ಕೆಗೆ ಕತ್ತಿ ಸಿಕ್ಕಿಸಿಕೊಳ್ಳುವುದು ಚಪ್ಪಲಿ ಮೆಟ್ಟಿದಷ್ಟೇ ಸಹಜ. ಆದರೆ ಒಬ್ಬರ ಮನೆಗೆ ಹೋದರೆ ಅದನ್ನು ತೆಗೆದು ಜಗಲಿಯ ಅಂಚಿನಲ್ಲಿಟ್ಟೇ ಹೊಸಿಲು ದಾಟಬೇಕು. ಕತ್ತಿ ಸಮೇತ ಒಳಗೆ ಬಂದವನು ಜಗಳಕ್ಕೇ ಬಂದವನು. ಇದು ಸಂದೇಶನಿಗೂ ಚೆನ್ನಾಗಿ ಗೊತ್ತಿತ್ತು, ಅಡಿಗೆರೆ ಅದಕ್ಕೇ ಬಿದ್ದಿತ್ತು.

“ನೀವು ಕಂಡಿದ್ದಾ?” ಎಂದರು ಶ್ರೀವಾಣಿ.

“ನಾನು ಮುತ್ತಿನಕೊಪ್ಪದಲ್ಲಿದ್ದೆ ಮೇಡಂ. ಅತ್ತೆ ಫೋನ್ ಮಾಡಿದ್ರು.”

“ಕತ್ತಿ ಸೊಂಟದಲ್ಲಿತ್ತು ಅಂತ ಅತ್ತೆ ಹೇಳಿದ್ರಾ?”

“ಅದನ್ನ ಬೇರೆ ಹೇಳ್ಬೇಕಾ? ಕೊಂದಿದ್ದಾನಲ್ಲ.”

ಭಾರತೀಯ ನ್ಯಾಯ ಸಂಹಿತೆಯ 103ನೇ ಕಲಮಿನಡಿ, ಕೊಲೆ ಎಂದು ಎಫ್‌ಐಆರ್ ದಾಖಲಾಯಿತು. ಜೀಪು ಸೀತೂರಿನ ಕಡೆ ಹೊರಟಿತು.

ಧರ್ಮೇಶನ ಹೆಣ ಅಂಗಳದ ನಡುವೆ ಬಿದ್ದಿತ್ತು. ಕುತ್ತಿಗೆಗೆ ಒಂದೇ ಏಟು. ಕತ್ತಿ ಅಲ್ಲೇ ಪಕ್ಕದಲ್ಲಿತ್ತು. ಊರಿನ ಇಬ್ಬರನ್ನು ಪಂಚರಾಗಿ ನಿಲ್ಲಿಸಿಕೊಂಡು ಹೆಡ್ ಕಾನ್‌ಸ್ಟೇಬಲ್ ಪವಿತ್ರಾ ಪಂಚನಾಮೆ ಬರೆಯತೊಡಗಿದಳು. ಶ್ರೀವಾಣಿ ಜಗಲಿಯ ಬಳಿ ಮಂಡಿಯೂರಿದರು. ಕೆಂಪು ಸಿಮೆಂಟಿನ ಅಂಚಿನಲ್ಲಿ ಕತ್ತಿಯ ಅಲಗಿನಷ್ಟೇ ಉದ್ದಕ್ಕೆ ಹಸಿರು ಸೊನೆ ಅಂಟಿತ್ತು, ಜೊತೆಗೆ ಸೊಪ್ಪಿನ ಒಂದೆರಡು ಚೂರು. ರಕ್ತದ ಹನಿಯಿರಲಿಲ್ಲ. ಸೊಪ್ಪು ಕಡಿಯುತ್ತಿದ್ದವನು ಎದ್ದು ಬಂದಿದ್ದ, ಮರ್ಯಾದೆಯಿಂದ ಕತ್ತಿಯನ್ನು ಇಲ್ಲಿಟ್ಟು ಒಳಗೆ ಹೋಗಿದ್ದ.

ಸಂದೇಶನ ಅಡಿಗೆರೆ ಅಲ್ಲಿಗೆ ಅಳಿಸಿಹೋಯಿತು. ಹಾಗಂತ ಶ್ರೀವಾಣಿಯ ಮನಸ್ಸೇನೂ ಹಗುರಾಗಲಿಲ್ಲ. ಮಾತಿಗೆ ಮಾತು ಬೆಳೆದ ಮೇಲೆ ಹೊರಗೆ ಬಂದು, ಬಗ್ಗಿ, ಕತ್ತಿ ಎತ್ತಿಕೊಂಡು ತಿರುಗಿ ಹೋದವನಿಗೆ ಯೋಚಿಸಲು ಹೊತ್ತಿತ್ತೆಂದು ಸರ್ಕಾರಿ ವಕೀಲರು ಹೇಳಿಯೇ ಹೇಳುತ್ತಾರೆ. ಆಗ ಅದು ಕೊಲೆಯೇ, ಜೀವಾವಧಿಯೇ. ತಡೆಯಲಾಗದ ಪ್ರಚೋದನೆಗೆ ತಟ್ಟನೆ ಕೈಯೆತ್ತಿದ್ದಾದರೆ ಕಾನೂನು ಅದನ್ನು ಕೊಲೆ ಎನ್ನುವುದಿಲ್ಲ; ಶಿಕ್ಷೆ ಐದರಿಂದ ಹತ್ತು ವರ್ಷಕ್ಕೆ ಇಳಿಯಲೂಬಹುದು. ಒಬ್ಬ ಮನುಷ್ಯನ ಉಳಿದ ಆಯುಷ್ಯವೆಲ್ಲ ಆ ಒಂದು ಗಳಿಗೆಯ ಲೆಕ್ಕದ ಮೇಲೆ ನಿಂತಿತ್ತು. ಅದನ್ನು ಕಣ್ಣಾರೆ ಕಂಡದ್ದು ಸತ್ತವನ ತಾಯಿ ಒಬ್ಬರೇ.

ಗಿರಿಯಮ್ಮ ಅಡುಗೆಮನೆಯಲ್ಲಿ ಒಲೆಯ ಮುಂದೆ ಕೂತಿದ್ದರು. ಒಲೆ ಆರಿತ್ತು.

“ಅಮ್ಮ, ಮಂಜಪ್ಪ ಒಳಗೆ ಬರುವಾಗ ಕತ್ತಿ ಎಲ್ಲಿತ್ತು?”

“ಹೊರಗಿಟ್ಟೇ ಬಂದ. ಕಾಫಿ ಕೊಟ್ಟೆ ನಾನು.”

ನಿಧಾನವಾಗಿ ಒಂದೊಂದೇ ಹೇಳಿದರು. ಮಂಜಪ್ಪನಿಗೆ ಇದ್ದವಳು ರಮ್ಯ ಒಬ್ಬಳೇ ಮಗಳು. ಎರಡು ವರ್ಷದ ಹಿಂದೆ, ಮದುವೆಗೆ ಮೊದಲೇ, ಕೃಷಿ ಹೊಂಡಕ್ಕೆ ಜಾರಿಬಿದ್ದು ಸತ್ತಳು. ಮಂಜಪ್ಪ ಅವಳನ್ನು ತನ್ನ ಗದ್ದೆಯ ಬೇಲಿಯ ಪಕ್ಕದಲ್ಲೇ ಮಣ್ಣು ಮಾಡಿದ್ದ. ನಿನ್ನೆ ಧರ್ಮೇಶ ಟ್ರ್ಯಾಕ್ಟರ್ ದಾರಿ ಮಾಡಿಸುವಾಗ ಜೆಸಿಬಿ ಬೇಲಿ ದಾಟಿ ಆ ಮಣ್ಣನ್ನೂ ಕೆರೆದುಹಾಕಿತ್ತು. ಮಣ್ಣು ಮೊದಲಿದ್ದ ಹಾಗೆ ಹಾಕಿಸಿಕೊಡು ಎಂದಷ್ಟೇ ಮಂಜಪ್ಪ ಕೇಳಿದ್ದು. ಧರ್ಮೇಶ ಆಗುವುದಿಲ್ಲ ಎಂದ. ಮಂಜಪ್ಪ ಕಾಫಿ ಅರ್ಧಕ್ಕೇ ಬಿಟ್ಟು ಎದ್ದ, ಜಗಲಿಯಿಂದ ಕತ್ತಿ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡ, ಅಂಗಳಕ್ಕಿಳಿದು ಮನೆಯ ದಾರಿ ಹಿಡಿದ.

“ಅವ ಹೋಗೇಬಿಡ್ತಿದ್ದ. ನನ್ನ ಮಗನೇ ಬಿಡ್ಲಿಲ್ಲ. ಹಿಂದೆ ಹೋಗಿ ಕೂಗಿ ಹೇಳ್ದ.”

“ಎಂತ ಹೇಳ್ದ?”

ಬಾಗಿಲಲ್ಲಿ ಯಾವಾಗಲೋ ಬಂದು ನಿಂತಿದ್ದ ಸಂದೇಶ, ನೆನಪಿಲ್ಲ ಅನ್ನಿ ಅತ್ತೆ ಎಂದ. ಪವಿತ್ರಾ ಅವನ ತೋಳು ಹಿಡಿದು ಹೊರಗೆ ಕರೆದೊಯ್ದಳು. ಗಿರಿಯಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡರು.

“ಅಲ್ಲಿ ಮಲಗಿರೋದು ಒಂದಲ್ಲ, ಎರಡು, ಅದಕ್ಕೇ ನಿಂಗೆ ಅಷ್ಟು ಜಾಗ ಬೇಕು, ಅಂದ.”

ರಮ್ಯ ಸತ್ತಾಗ ಅವಳು ಬಸುರಿಯಾಗಿದ್ದಳೆಂಬ ಪಿಸುಮಾತು ಅಕ್ಕಪಕ್ಕದ ನಾಲ್ಕಾರು ಮನೆಗಳಲ್ಲಿ ಓಡಾಡಿತ್ತು. ನಿಜವೋ ಸುಳ್ಳೋ ದೇವರೇ ಬಲ್ಲ. ಅಪ್ಪನ ಮುಖಕ್ಕೆ ಅದನ್ನು ಹೇಳುವಷ್ಟು ಕೆಟ್ಟ ನಾಲಿಗೆ ಅದುವರೆಗೂ ಯಾರಿಗೂ ಇರಲಿಲ್ಲ. ಮಂಜಪ್ಪ ತಿರುಗಿದ್ದೊಂದೇ ತಾನು ಕಂಡದ್ದು, ಕೈ ಎತ್ತಿದ್ದು ಕಾಣಲೇ ಇಲ್ಲ ಎಂದರು ಗಿರಿಯಮ್ಮ.

ಈ ಹೇಳಿಕೆಯಿಂದ ಮಗನನ್ನು ಕೊಂದವನ ಶಿಕ್ಷೆ ಕಡಿಮೆಯಾಗಬಹುದು, ಮ್ಯಾಜಿಸ್ಟ್ರೇಟರ ಮುಂದೆಯೂ ಹೀಗೇ ಹೇಳಬೇಕಾಗುತ್ತದೆ, ಮನೆಯವರು ಸಿಟ್ಟಾಗುತ್ತಾರೆ ಎಂದು ಶ್ರೀವಾಣಿ ಬಿಡಿಸಿ ಹೇಳಿದರು.

“ನನ್ನ ಹೊಟ್ಟೆ ಉರೀತದೆ ಮಗಾ. ಅವನಿಗೆ ಶಿಕ್ಷೆ ಆಗ್ಲೇಬೇಕು. ಮಾಡಿದ್ದಕ್ಕೆ ಎಷ್ಟೋ ಅಷ್ಟು. ಮಾಡದ್ದನ್ನೂ ಸೇರಿಸಿ ಬೇಡ.”

ಹದಿನಾರು ವರ್ಷದ ನೌಕರಿಯಲ್ಲಿ ಶಿಕ್ಷೆಯ ಬಗ್ಗೆ ವಕೀಲರ ವಾದ ಬೇಕಾದಷ್ಟು ಕೇಳಿದ್ದ ಶ್ರೀವಾಣಿ ಪೆನ್ನು ತೆಗೆದರು. ಹೇಳಿಕೆಯನ್ನು ಅಕ್ಷರಶಃ ಬರೆದುಕೊಂಡರು.

ಮಧ್ಯಾಹ್ನ ಎರಡಕ್ಕೆ ಶೃಂಗೇರಿ ಹತ್ತಿರ ಇರುವ ಮಂಜಪ್ಪನ ಅಕ್ಕ ಕಮಲಕ್ಕ ತಾವಾಗಿಯೇ ಠಾಣೆಗೆ ಫೋನ್ ಮಾಡಿದರು. ಕೊಪ್ಪದ ಮೇಲೆ ಬಸ್ಸಿನಲ್ಲಿ ತಮ್ಮ ಬಂದಿದ್ದಾನೆ, ಒಂದು ತುತ್ತು ಊಟವನ್ನೂ ಮುಟ್ಟಿಲ್ಲ, ಬಂದು ಕರೆದುಕೊಂಡು ಹೋಗಿ ಎಂದರು. ಪೊಲೀಸರು ಆರೋಪಿಗೆ ಒಳ್ಳೆಯ ಸುದ್ದಿ ಒಯ್ಯುವುದು ಅಪರೂಪ. ದಾರಿಯುದ್ದಕ್ಕೂ ಶ್ರೀವಾಣಿಗೆ ಅದೊಂದು ಸಮಾಧಾನವಿತ್ತು.

ಮಂಜಪ್ಪ ಅಕ್ಕನ ಮನೆಯ ಜಗಲಿಯ ಮೇಲೆ ಕೂತಿದ್ದ. ಅರವತ್ತರ ಹತ್ತಿರದ ಸಣಕಲು ಆಳು. ಕತ್ತಿಯಿಲ್ಲದ ಬರಿಯ ಕೊಕ್ಕೆಯನ್ನೂ ಅಭ್ಯಾಸ ಬಲದಿಂದ ಸೊಂಟದಿಂದ ಬಿಚ್ಚಿ ಜಗಲಿಯ ಅಂಚಿನಲ್ಲಿಟ್ಟಿದ್ದ. ಪವಿತ್ರಾ ಅದನ್ನು ಜಪ್ತಿ ಮಾಡಿದಳು.

“ನಾನೇ ಕಡಿದದ್ದು. ಬೇಕಂತ್ಲೇ ಕಡ್ದೆ ಅಂತ ಬರ್ಕೊಳ್ಳಿ.”

“ಯಾಕೆ?”

“ದಾರಿ ಜಗಳ.”

ಪೊಲೀಸರ ಮುಂದೆ ಒಪ್ಪಿಕೊಂಡದ್ದು ಕೋರ್ಟಿನಲ್ಲಿ ನಿಲ್ಲುವುದಿಲ್ಲ ಎಂದರು ಶ್ರೀವಾಣಿ. ಆಮೇಲೆ ತುಸು ಮೆತ್ತಗೆ, ಗಿರಿಯಮ್ಮ ಎಲ್ಲವನ್ನೂ ಹೇಳಿದ್ದಾರೆ, ಧರ್ಮೇಶ ಆಡಿದ ಮಾತನ್ನೂ ಹೇಳಿದ್ದಾರೆ ಎಂದರು.

ಮಂಜಪ್ಪ ಇನ್ಸ್‌ಪೆಕ್ಟರರನ್ನು ನೋಡಲಿಲ್ಲ, ಬಾಗಿಲಲ್ಲಿ ನಿಂತ ಅಕ್ಕನನ್ನು ನೋಡಿದ. ತಾಯಿಯಿಲ್ಲದ ರಮ್ಯಳನ್ನು ಎತ್ತಿ ಆಡಿಸಿ ಬೆಳೆಸಿದವರು ಕಮಲಕ್ಕ. ಆ ಪಿಸುಮಾತು ಶೃಂಗೇರಿಯವರೆಗೆ ಬಂದಿರಲಿಲ್ಲ.

“ಎಂತ ಮಾತು?” ಎಂದರು ಅವರು.

“ಅದನ್ನ ಬರ್ದ್ರಾ?” ಮಂಜಪ್ಪನ ದನಿ ಒಡೆದಿತ್ತು.

“ಬರೆದೆ. ನಿಮ್ಮ ಒಳ್ಳೇದಕ್ಕೇ. ಶಿಕ್ಷೆ ಕಮ್ಮಿ ಆಗಬಹುದು.”

“ಕೋರ್ಟಲ್ಲಿ ಓದ್ತಾರಾ?”

“ಓದ್ತಾರೆ. ಅದರ ಮೇಲೇ ವಾದ ನಡೆಯೋದು.”

ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. “ಆ ಮಾತು ಇನ್ನೊಬ್ರ ಕಿವಿಗೆ ಬೀಳಬಾರ್ದು ಅಂತ್ಲೇ ನನ್ನ ಕೈ ಎದ್ದದ್ದು ಮೇಡಂ. ನಂಗೆ ಜೀವಾವಧಿ ಆಗ್ಲಿ. ಆ ಒಂದು ಸಾಲು ಹೊಡೆದುಹಾಕಿ.”

ಹೊಡೆದುಹಾಕುವಂತಿರಲಿಲ್ಲ. ಕಾನೂನು ಅವನ ಮೇಲೆ ತೋರಬಹುದಾದ ಕರುಣೆಯೆಲ್ಲ ಆ ಸಾಲಿನಲ್ಲೇ ಇತ್ತು, ಅವನು ಬೇಡವೆಂದರೂ ತನಿಖಾಧಿಕಾರಿ ಅದನ್ನು ಬಚ್ಚಿಡುವ ಹಾಗಿಲ್ಲ. ಸಂಜೆ ನಾಲ್ಕೂಕಾಲಿಗೆ ಬಂಧನವಾಯಿತು. ಮನೆಯವರಿಗೆ ತಿಳಿಸಿದ್ದಕ್ಕೆ ಸಹಿ ಬೇಕಿತ್ತು. ಕಮಲಕ್ಕ ತಡವರಿಸುತ್ತ ಹೆಸರು ಬರೆದು ಪೆನ್ನು ಹಿಂದಿರುಗಿಸಿದರು, ಶ್ರೀವಾಣಿಯ ಕೈಯನ್ನು ಮಾತ್ರ ಬಿಡಲಿಲ್ಲ.

“ನೀವಾದ್ರೂ ಹೇಳಿ. ಅವ ಎಂತ ಹೇಳ್ದ ಅಂತ ನನ್ನ ತಮ್ಮ ಹೀಗೆ ಮಾಡ್ದ?”

ಜೀಪಿನೊಳಗಿಂದ ಮಂಜಪ್ಪ ನೋಡುತ್ತಿದ್ದ. ಇವತ್ತಲ್ಲ ನಾಳೆ ಕೋರ್ಟಿನಲ್ಲಿ ಎಲ್ಲರೆದುರು ಇವರೂ ಅದನ್ನು ಕೇಳಲೇಬೇಕು. ಇವತ್ತೊಂದು ದಿನ ಬೇಡ ಅನ್ನಿಸಿತು ಶ್ರೀವಾಣಿಗೆ.

“ದಾರಿ ಜಗಳ ಅಮ್ಮ,” ಎಂದರು.